‘ಅಪ್ಪರ್’ ಅಂದ್ರೆ ಯಾವುದಕ್ಕಿಂತ ಮೇಲೆ?

ಇವತ್ತಿನ ಎಪಿಸೋಡ್ ಒಂದೇ ಒಂದು ಇಂಗ್ಲಿಷ್ ಪದದ ಬಗ್ಗೆ: ಅಪ್ಪರ್. ದಾವಣಗೆರೆ, ಹರಿಹರದ ಕಡೆಯವರಿಗೆ ಇದು ನ್ಯೂಸ್‌ನಲ್ಲಿ ಕೇಳಿ ಕೇಳಿ ರೂಢಿಯಾದ ಪದ. ಅಪ್ಪರ್ ಭದ್ರಾ, ಅಂದ್ರೆ ಭದ್ರಾ ಮೇಲ್ದಂಡೆ ಯೋಜನೆ.

ಸ್ಕೂಲಲ್ಲಿ ಟಾಲ್, ಟಾಲರ್, ಟಾಲೆಸ್ಟ್ ಅಂತ ಬಾಯಿಪಾಠ ಮಾಡಿದ್ದು ನೆನಪಿದೆಯಾ? ‘ಅಪ್’ ಜೊತೆ ಅದೇ ‘ಅರ್’ ಸೇರಿ ಅಪ್ಪರ್ ಆಗಿದೆ. ಹುಟ್ಟಿನಿಂದಲೇ ಅದು ಹೋಲಿಕೆಯ ಪದ. ಆದ್ರೆ ‘ಟಾಲರ್ ದ್ಯಾನ್’ ಅನ್ನಬಹುದು, ‘ಅಪ್ಪರ್ ದ್ಯಾನ್’ ಅನ್ನೋ ಹಾಗಿಲ್ಲ. ಇನ್ನರ್, ಔಟರ್ ಕೂಡ ಹೀಗೇ. ಹೋಲಿಸುತ್ತವೆ, ಯಾವುದರ ಜೊತೆ ಅಂತ ಹೇಳಲ್ಲ.

ಸಂಸ್ಕೃತದ ‘ಉತ್ತರ’ದ ಕಥೆಯೂ ಇದೇ. ‘ಉತ್’ ಅಂದ್ರೆ ಮೇಲೆ, ‘ತರ’ ಅಂದ್ರೆ ಇನ್ನೂ ಹೆಚ್ಚು. ‘ಇನ್ನೂ ಮೇಲಿನದು’ ಅನ್ನೋ ಪದ ದಿಕ್ಕಿನ ಹೆಸರಾಯ್ತು. ದಾವಣಗೆರೆ ಉತ್ತರ ಕ್ಷೇತ್ರದಲ್ಲಿ ವೋಟ್ ಹಾಕೋರು ಯಾರೂ ‘ಯಾವುದಕ್ಕಿಂತ ಮೇಲೆ?’ ಅಂತ ಕೇಳಲ್ಲ.

ಕನ್ನಡ ಬೇರೆ ದಾರಿ ಹಿಡಿದಿದೆ. ನಮ್ಮಲ್ಲಿ ‘ಎತ್ತರ’ ಅನ್ನೋ ಪದ ಬದಲಾಗಲ್ಲ, ‘ಅದಕ್ಕಿಂತ ಎತ್ತರ’ ಅಂತೀವಿ. ‘ಗಿಂತ’ ಬಂತು ಅಂದ್ರೆ ಹೋಲಿಕೆಯ ಇನ್ನೊಂದು ಕಡೆಯನ್ನ ಹೆಸರಿಸಲೇಬೇಕು.

ಈಗ ನೀರಿನ ಇತಿಹಾಸಕ್ಕೆ ಬರೋಣ. ನೀರಾವರಿ ಇಲಾಖೆಯ ಭಾಷೆಯಲ್ಲಿ ‘ಅಪ್ಪರ್’ಗೆ ‘ಮೇಲ್ದಂಡೆ’ ಅನ್ನೋ ಪದ ನಿಂತಿತು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಶಂಕುಸ್ಥಾಪನೆ ಮಾಡಿದ್ದು ಕೃಷ್ಣಾ ಮೇಲ್ದಂಡೆಗೆ. ಆಮೇಲೆ ತುಂಗಾ ಮೇಲ್ದಂಡೆ, ಭದ್ರಾ ಮೇಲ್ದಂಡೆ.

ಭದ್ರೆಯಲ್ಲಿ ಈ ಪದಕ್ಕೆ ಮೊದಲೇ ಒಂದು ‘ಕೆಳಗೆ’ ಇತ್ತು. ಲಕ್ಕವಳ್ಳಿಯ ಭದ್ರಾ ಜಲಾಶಯದ ಸಾಮರ್ಥ್ಯ 71.5 ಟಿಎಂಸಿ. ಅಲ್ಲಿಂದ ಬಲದಂಡೆ ನಾಲೆಯಲ್ಲಿ ನೀರು ಇಳಿಜಾರಿನಲ್ಲಿ ತಾನಾಗೇ ಹರಿದು ದಾವಣಗೆರೆ, ಮಲೇಬೆನ್ನೂರು, ಹರಿಹರದ ಗದ್ದೆಗಳಿಗೆ ಬರುತ್ತೆ. ಇವು ನಾಲೆಯ ಕೊನೆ ಭಾಗ. ಮಳೆ ಕಡಿಮೆಯಾದ ವರ್ಷ ಬಿಸಿ ಮೊದಲು ತಟ್ಟೋದು ಇಲ್ಲಿಗೇ.

ಮೇಲ್ದಂಡೆ ಯೋಜನೆಯ ಲೆಕ್ಕ ಹೀಗಿದೆ: ತುಂಗೆಯಿಂದ 17.4 ಟಿಎಂಸಿ ಎತ್ತಿ ಭದ್ರೆಗೆ ತರಬೇಕು, ಭದ್ರೆಯಿಂದ 29.9 ಟಿಎಂಸಿ ಎತ್ತಿ ಅಜ್ಜಂಪುರದ ಸುರಂಗದ ಕಡೆ ಕಳಿಸಬೇಕು. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಬರಪೀಡಿತ ತಾಲ್ಲೂಕುಗಳಿಗೆ ಈ ನೀರು. 2023ರ ಕೇಂದ್ರ ಬಜೆಟ್ ಇದಕ್ಕೆ 5,300 ಕೋಟಿ ರೂಪಾಯಿ ಘೋಷಿಸಿತು.

ಎರಡು ಅಂಕಿ ಕಳೆದು ನೋಡಿ: 12.5 ಟಿಎಂಸಿ. ಅದು ಭದ್ರೆಯ ಸ್ವಂತ ಪಾಲು. ತುಂಗೆಯ ನೀರು ಬರೋದು ತಡವಾದಷ್ಟೂ ಭದ್ರೆಯ ಮೇಲಿನ ಭಾರ ಹೆಚ್ಚು. ಕೊನೆ ಭಾಗದ ರೈತರ ಆತಂಕ ಇರೋದು ಇಲ್ಲೇ.

ಆದ್ರೆ ಇದು ದಾವಣಗೆರೆ ವರ್ಸಸ್ ಚಿತ್ರದುರ್ಗ ಅಂತ ಮುಗಿಸೋ ಕಥೆಯಲ್ಲ. ಜಗಳೂರು ಇರೋದೂ ದಾವಣಗೆರೆ ಜಿಲ್ಲೆಯಲ್ಲೇ. ಬಲದಂಡೆ ನಾಲೆ ಅಲ್ಲಿಗೆ ಮುಟ್ಟಲ್ಲ, ಅವರು ಕಾಯ್ತಿರೋದು ಮೇಲ್ದಂಡೆಯ ನೀರಿಗೆ. ಒಂದೇ ಜಿಲ್ಲೆಯಲ್ಲಿ ಒಬ್ಬರಿಗೆ ‘ಅಪ್ಪರ್’ ಅಂದ್ರೆ ಭರವಸೆ, ಇನ್ನೊಬ್ಬರಿಗೆ ಭಯ. ಇಬ್ಬರದ್ದೂ ನ್ಯಾಯವೇ.

ಅದಕ್ಕೇ ನೀರಿನ ವಿಷಯದಲ್ಲಿ ಅಪ್ಪರ್, ಹೈಯರ್, ಬೆಟರ್ ಅಂತ ಯಾರೇ ಹೇಳಿದ್ರೂ ಒಂದು ‘ಗಿಂತ’ ಸೇರಿಸಿ ಕೇಳಿ. ಯಾವುದಕ್ಕಿಂತ? ಯಾರಿಗಿಂತ? ಉತ್ತರದಲ್ಲಿ ಕೆಳಗಿರೋರ ಹೆಸರೂ ಬರಬೇಕು.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.