ಹತ್ತು ಸಾವಿರದಲ್ಲೊಂದು ಪಾಲು ಮೊಟ್ಟೆ

1908ರಲ್ಲಿ ಲಂಡನ್ನಿನ ವೈದ್ಯ ಆಲ್ಫ್ರೆಡ್ ಸ್ಕೋಫೀಲ್ಡ್ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಚಿಕ್ಕ ವರದಿ ಪ್ರಕಟಿಸಿದರು. 13 ವರ್ಷದ ಒಬ್ಬ ಹುಡುಗ. ಅವನ ಪಾಲಿಗೆ ಮೊಟ್ಟೆಯೆಂದರೆ ವಿಷ. ಚೂರು ಒಳಗೆ ಹೋದರೂ ಮೈತುಂಬ ಗಂಧೆ, ಉಬ್ಬಸ. ಸ್ಕೋಫೀಲ್ಡ್ ಹಸಿ ಮೊಟ್ಟೆಯ ಹತ್ತು ಸಾವಿರದಲ್ಲೊಂದು ಪಾಲನ್ನು ಗುಳಿಗೆಯಲ್ಲಿ ಅಡಗಿಸಿ ನುಂಗಿಸಿದರು. ತಿಂಗಳುಗಟ್ಟಲೆ ಪ್ರಮಾಣ ಏರಿಸುತ್ತ ಹೋದರು. ಕೊನೆಗೊಂದು ದಿನ ಹುಡುಗ ಮೊಟ್ಟೆ ತಿಂದ, ಏನೂ ಆಗಲಿಲ್ಲ.

ಗುಳಿಗೆ ಅವನ ರಕ್ತದಲ್ಲಿ ಮಾಡಿದ್ದೇನು ಎಂಬುದು ಆ ವೈದ್ಯರಿಗೆ ತಿಳಿಯುವಂತೆಯೇ ಇರಲಿಲ್ಲ. ವಿಯೆನ್ನಾದ ವೈದ್ಯ ಪಿರ್ಕೆ ಟಂಕಿಸಿದ 'ಅಲರ್ಜಿ' ಎಂಬ ಪದಕ್ಕೇ ಆಗ ಎರಡು ವರ್ಷ.

ಸುಳಿವು ಸಿಕ್ಕಿದ್ದು 1921ರಲ್ಲಿ, ಜರ್ಮನಿಯಲ್ಲಿ. ಕ್ಯೂಸ್ಟ್ನರ್ ಎಂಬ ವೈದ್ಯರಿಗೆ ಬೇಯಿಸಿದ ಮೀನು ಆಗುತ್ತಿರಲಿಲ್ಲ. ಅವರ ರಕ್ತದ್ರವವನ್ನು ಸಹೋದ್ಯೋಗಿ ಪ್ರಾಸ್ನಿಟ್ಜ್ ತಮ್ಮ ಹೊಟ್ಟೆಯ ಚರ್ಮಕ್ಕೇ ಚುಚ್ಚಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದಾಗ ಗಂಧೆ ಎದ್ದಿತು! ಅಂದರೆ ಅಲರ್ಜಿ ಎಬ್ಬಿಸುವ ಯಾವುದೋ ವಸ್ತು ರಕ್ತದಲ್ಲೇ ಇತ್ತು. ಅದು ಐಜಿಇ ಎಂಬ ಪ್ರತಿಕಾಯವೆಂದು ಗುರುತಾಗಿದ್ದು 1966-67ರಲ್ಲಿ, ಅಮೆರಿಕದ ಇಶಿಝಾಕಾ ದಂಪತಿ ಮತ್ತು ಸ್ವೀಡನ್ನಿನ ಸಂಶೋಧಕರಿಂದ.

ಐಜಿಇ, ಮಾಸ್ಟ್ ಎಂಬ ರಕ್ಷಣಾ ಕೋಶಗಳ ಮೈಗೆ ಅಂಟಿಕೊಂಡಿರುತ್ತದೆ. ಒಗ್ಗದ ಆಹಾರ ತಗುಲಿದೊಡನೆ ಕೋಶ ಗಂಧೆ ಎಬ್ಬಿಸುವ ಹಿಸ್ಟಮಿನ್ ಉಗುಳುತ್ತದೆ. ದಿನವೂ ತುಸುತುಸು ತಿನ್ನಿಸಿದರೆ ಈ ಕೋಶಗಳ ಮುಂಗೋಪ ತಗ್ಗುತ್ತದೆ. ವಿಚಿತ್ರವೆಂದರೆ ಐಜಿಇ ಮೊದಲು ಏರಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಈ ನಡುವೆ ಐಜಿಜಿ4 ಎಂಬ ಇನ್ನೊಂದು ಪ್ರತಿಕಾಯ ಹೆಚ್ಚಿ, ಆಹಾರದ ಪ್ರೋಟೀನು ಐಜಿಇಯನ್ನು ಮುಟ್ಟುವ ಮೊದಲೇ ಅದನ್ನು ಹಿಡಿದುಕೊಳ್ಳುತ್ತದೆ.

ಇದು ವಾಸಿಯಾದಂತೆಯೇ? ಹೆಚ್ಚಿನವರಲ್ಲಿ ಅಲ್ಲ. 2022ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಕಡಲೆಕಾಯಿ ಒಗ್ಗದ 1ರಿಂದ 3 ವರ್ಷದ ಮಕ್ಕಳಿಗೆ ಸುಮಾರು ಎರಡೂವರೆ ವರ್ಷ ಅದರದೇ ಹಿಟ್ಟು ಕೊಟ್ಟಿತು. ಶೇ. 71ರಷ್ಟು ಮಕ್ಕಳು ಅದನ್ನು ತಾಳಿಕೊಂಡರು. 26 ವಾರ ನಿಲ್ಲಿಸಿ ಮತ್ತೆ ತಿನ್ನಿಸಿದಾಗ ಆ ತಾಳಿಕೆ ಉಳಿದದ್ದು ಶೇ. 21ರಷ್ಟು ಮಕ್ಕಳಲ್ಲಿ ಮಾತ್ರ.

ಅಡುಗೆಮನೆಯಲ್ಲಿ ಸ್ಕೋಫೀಲ್ಡ್ ಆಗಲು ಯಾರೂ ಹೊರಡಬೇಡಿ. 2020ರಲ್ಲಿ ಅಮೆರಿಕ ಈ ಚಿಕಿತ್ಸೆಗೆಂದೇ ಒಪ್ಪಿಗೆ ಕೊಟ್ಟ ಕಡಲೆಕಾಯಿ ಪುಡಿಯನ್ನು ಕೂಡ, ಪ್ರಮಾಣ ಏರಿಸಿದಾಗಲೆಲ್ಲ ಮೊದಲ ಬಾರಿ ವೈದ್ಯರ ಕಣ್ಣೆದುರೇ ತಿನ್ನಿಸಬೇಕು.