ಒಬ್ಬಂಟಿಯಾಗಿ ರ‍್ಯಾಂಕ್ ಆಡೋರಿಗೆ ಯಾವ ಹೀರೋ? 20 ವರ್ಷದ ಹಳೇ ಪ್ರಶ್ನೆಯ ಕಥೆ

ರ‍್ಯಾಂಕ್ ಮ್ಯಾಚ್‌ಗೆ ಮುಂಚೆ ಹೀರೋ ಆರಿಸೋಕೆ ಕೆಲವು ಸೆಕೆಂಡು ಸಿಗುತ್ತಲ್ಲ, ಇವತ್ತಿನ ಕಂತು ಆ ಕೆಲವು ಸೆಕೆಂಡುಗಳ ಇತಿಹಾಸ. ಫ್ರೆಂಡ್ಸ್ ಯಾರೂ ಆನ್‌ಲೈನ್‌ನಲ್ಲಿಲ್ಲ. ಟೀಮ್‌ನಲ್ಲಿರೋ ಬಾಕಿ 4 ಜನ ಯಾರು, ಯಾವ ಊರಿನವರು, ಏನೂ ಗೊತ್ತಿಲ್ಲ. ಆದರೆ ಸೋತರೆ ಹೋಗೋ ಸ್ಟಾರ್ ಮಾತ್ರ ನಿಮ್ಮದು. ಯಾರನ್ನ ತಗೋತೀರಾ?

ನನ್ನ ಚಿಕ್ಕಪ್ಪನ ಮಗ ಪಿಯುಸಿ ಓದ್ತಿದ್ದಾನೆ. ಅವನ ಪ್ರಶ್ನೆ ಯಾವಾಗಲೂ ಒಂದೇ: "ಅಣ್ಣಾ, ಈಗ ಯಾವ ಹೀರೋ ಸ್ಟ್ರಾಂಗು?" ಯೂಟ್ಯೂಬ್ ತೆರೆದರೆ ಇದಕ್ಕೆ ದಿನಕ್ಕೊಂದು ಉತ್ತರ ಸಿಗುತ್ತೆ. ಎಸ್ ಟಿಯರ್, ಎ ಟಿಯರ್ ಅಂತ ಪಟ್ಟಿಗಳು. ಮುಂದಿನ ಅಪ್‌ಡೇಟ್ ಬಂದ ಕೂಡಲೇ ಅವೆಲ್ಲ ಹೋದ ವರ್ಷದ ಕ್ಯಾಲೆಂಡರ್. ನಾನು ಅವನಿಗೆ ಬೇರೆ ಪ್ರಶ್ನೆ ಕೇಳಿಕೋ ಅಂತೀನಿ: ಈ ಹೀರೋ ಗೆಲ್ಲಬೇಕಾದರೆ ಪಕ್ಕದವನು ಎಷ್ಟು ಕೆಲಸ ಮಾಡಬೇಕು? ಸೋಲೋ ರ‍್ಯಾಂಕ್‌ನಲ್ಲಿ ಬಲಿಷ್ಠ ಹೀರೋ ಅಂದರೆ ಡ್ಯಾಮೇಜ್ ಜಾಸ್ತಿ ಇರುವವನಲ್ಲ, ಅಪರಿಚಿತರ ಹತ್ತಿರ ಕಡಿಮೆ ಸಹಾಯ ಕೇಳುವವನು. ಯಾಕೆ ಹೀಗಾಯ್ತು ಅಂತ ತಿಳಿಯೋಕೆ ಫೋನ್ ಬಿಟ್ಟು ಸ್ವಲ್ಪ ಹಿಂದೆ ಹೋಗಬೇಕು.

ಈ ಬಗೆಯ ಆಟ ಕಂಪನಿಗಳ ಆಫೀಸಿನಲ್ಲಿ ಹುಟ್ಟಿದ್ದಲ್ಲ. ಸ್ಟಾರ್‌ಕ್ರಾಫ್ಟ್ ಅನ್ನೋ ಕಂಪ್ಯೂಟರ್ ಗೇಮ್‌ಗೆ ಆಟಗಾರರೇ ಮಾಡಿಕೊಂಡ ಏಯಾನ್ ಆಫ್ ಸ್ಟ್ರೈಫ್ ಅನ್ನೋ ಮ್ಯಾಪ್ ಒಂದಿತ್ತು. ಇಡೀ ಸೈನ್ಯದ ಬದಲು ಒಬ್ಬನೇ ವೀರನನ್ನ ನಡೆಸೋದು ಅದರ ಹೊಸತನ. 2003ರಲ್ಲಿ ಯೂಲ್ ಅನ್ನೋ ಹೆಸರಿನ ಮ್ಯಾಪ್ ತಯಾರಕ ಇದೇ ಐಡಿಯಾವನ್ನ ವಾರ್‌ಕ್ರಾಫ್ಟ್ 3ಕ್ಕೆ ತಂದ. ಅದೇ ಡೋಟಾ. ಆಮೇಲೆ ಗ್ವಿನ್ಸೂ, ಐಸ್‌ಫ್ರಾಗ್ ಅನ್ನೋ ಹೆಸರಿನವರು ಅದನ್ನ ಬೆಳೆಸಿದರು.

ನಮ್ಮಲ್ಲಿ ಇಂಜಿನಿಯರಿಂಗ್ ಹಾಸ್ಟೆಲ್‌ನ ಲ್ಯಾನ್‌ನಲ್ಲಿ ಡೋಟಾ ಆಡಿದ ಅಣ್ಣಂದಿರು ನಿಮ್ಮ ಮನೆಯಲ್ಲೇ ಇರಬಹುದು. ಅವರನ್ನ ಕೇಳಿ ನೋಡಿ. ಪಕ್ಕದ ರೂಮಿನವನೇ ಟೀಮ್‌ಮೇಟ್. "ಲೋ, ಮಿಡ್‌ಗೆ ಬಾರೋ" ಅಂತ ಗೋಡೆ ಕೇಳೋ ಹಾಗೆ ಕೂಗಿದರೆ ಕೆಲಸ ಆಗ್ತಿತ್ತು. ಅಲ್ಲಿ ಸಪೋರ್ಟ್ ಹೀರೋ ತಗೊಂಡವನಿಗೂ ಮರ್ಯಾದೆ ಇತ್ತು, ಯಾಕಂದ್ರೆ ಯಾರಿಂದ ಗೆದ್ದಿದ್ದು ಅಂತ ಮೆಸ್‌ನಲ್ಲಿ ಊಟಕ್ಕೆ ಕೂತಾಗ ಎಲ್ಲರಿಗೂ ಗೊತ್ತಿರುತ್ತಿತ್ತು. ಇಂಟರ್ನೆಟ್‌ನಲ್ಲಿ ಅಪರಿಚಿತರ ಜೊತೆ ಆಡಿದರೂ ಆಟದೊಳಗೆ ರ‍್ಯಾಂಕ್ ಅಂತ ಇರಲಿಲ್ಲ. ಸೋತ್ರೆ ಸೋತ್ರು, ಇನ್ನೊಂದು ರೂಮ್ ತೆರೆದ್ರು.

ಲೀಗ್ ಆಫ್ ಲೆಜೆಂಡ್ಸ್ ಬಂದಿದ್ದು 2009ರ ಅಕ್ಟೋಬರ್‌ನಲ್ಲಿ. ಮರುವರ್ಷ ರ‍್ಯಾಂಕ್ ಶುರುವಾಯ್ತು. ಅಳತೆಗೆ ಅವರು ತಂದಿದ್ದು ಚೆಸ್‌ನ ಎಲೋ ರೇಟಿಂಗ್. ಎಲೋ ಅನ್ನೋದು ಒಬ್ಬ ಮನುಷ್ಯನ ಹೆಸರು: ಅರ್ಪಾಡ್ ಎಲೋ, ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದ ಪ್ರೊಫೆಸರ್. ಅಂತರರಾಷ್ಟ್ರೀಯ ಚೆಸ್ ಫೆಡರೇಶನ್ 1970ರಲ್ಲಿ ಅವರ ಲೆಕ್ಕವನ್ನ ಒಪ್ಪಿಕೊಂಡಿತ್ತು. ಬಲವಾದವನನ್ನ ಸೋಲಿಸಿದರೆ ಜಾಸ್ತಿ ಅಂಕ, ದುರ್ಬಲನನ್ನ ಸೋಲಿಸಿದರೆ ಕಡಿಮೆ. ಚೆಸ್‌ಗೆ ಇದು ಹೇಳಿ ಮಾಡಿಸಿದ ಲೆಕ್ಕ. ಅಲ್ಲಿ ನಿಮ್ಮ ಕುದುರೆ "ನಾನು ಊಟಕ್ಕೆ ಹೋಗ್ತೀನಿ" ಅಂತ ಆಟದ ಮಧ್ಯೆ ಎದ್ದು ಹೋಗಲ್ಲ.

5 ಜನ ಆಡೋ ಆಟಕ್ಕೆ ಒಬ್ಬೊಬ್ಬರ ಹಣೆಗೆ ಒಂದೊಂದು ನಂಬರ್ ಅಂಟಿಸಿದಾಗ ಎಲ್ಲ ಬದಲಾಯ್ತು. ಗೆಲುವು ಐವರದು, ನಂಬರ್ ಒಬ್ಬನದು. ಹಾಗಾಗಿ ಎಲ್ಲರಿಗೂ ಬೇಕಾಗಿದ್ದು ಆಟವನ್ನ ತಾನೇ ತಿರುಗಿಸಬಹುದಾದ ಜಾಗ. ಆಗ ಲೇನ್ ಮೊದಲೇ ಕಾಯ್ದಿರಿಸೋ ವ್ಯವಸ್ಥೆ ಇರಲಿಲ್ಲ, ಚಾಟ್‌ನಲ್ಲೇ ಜಗಳ. "ಮಿಡ್ ಕೊಡಿ, ಇಲ್ಲಾಂದ್ರೆ ಬೇಕಂತಲೇ ಸಾಯ್ತೀನಿ" ಅನ್ನೋ ಬೆದರಿಕೆ ಆ ಕಾಲದ ದೊಡ್ಡ ಜೋಕ್. 2016ರಲ್ಲಿ ಆ ಕಂಪನಿ ಲೇನ್ ಆಯ್ಕೆ ತಂದಿತು. ಜೊತೆಗೆ ಒಬ್ಬಂಟಿಗರನ್ನೂ ಗುಂಪಾಗಿ ಬರುವವರನ್ನೂ ಒಂದೇ ಕ್ಯೂಗೆ ಹಾಕಿತು. ಸೋಲೋ ಆಟಗಾರರು ಸಿಟ್ಟಾದರು. ನನ್ನ ನಂಬರ್ ನನ್ನೊಬ್ಬನ ಶ್ರಮ ತೋರಿಸಬೇಕು, ಐದು ಜನ ಸೇರಿಕೊಂಡು ಬಂದವನ ನಂಬರ್ ನನ್ನದಕ್ಕೆ ಹೇಗೆ ಸಮ ಅಂತ. 2017ರ ಸೀಸನ್‌ಗೆ ಒಬ್ಬರು ಅಥವಾ ಇಬ್ಬರು ಮಾತ್ರ ಬರಬಹುದಾದ ಕ್ಯೂ ವಾಪಸ್ ಬಂತು. ಟೀಮ್ ಆಟ ಆಡ್ತಾ ಒಬ್ಬಂಟಿತನಕ್ಕಾಗಿ ಜನ ಹೋರಾಡಿ ಗೆದ್ದರು! ನನಗೆ ಇದು ಈ ಇಡೀ ಕಥೆಯ ಅತಿ ವಿಚಿತ್ರ ಘಟನೆ ಅನ್ನಿಸುತ್ತೆ.

ಅವರ ವಾದದಲ್ಲಿ ಹುರುಳಿಲ್ಲ ಅಂತ ಅಲ್ಲ. ಲೆಕ್ಕ ನೋಡಿ. ಎದುರು ಟೀಮ್‌ನಲ್ಲಿ 5 ಅಪರಿಚಿತರು, ನಿಮ್ಮಲ್ಲಿ 4. ನೀವು ನಿಮ್ಮ ರ‍್ಯಾಂಕ್‌ಗಿಂತ ಸ್ವಲ್ಪ ಚೆನ್ನಾಗಿ ಆಡೋರಾದರೆ, ಕೆಟ್ಟದಾಗಿ ಆಡೋನು ಆ ಕಡೆ ಇರೋ ಸಾಧ್ಯತೆಯೇ ಸ್ವಲ್ಪ ಜಾಸ್ತಿ. ಒಂದು ಮ್ಯಾಚ್‌ನಲ್ಲಿ ಅದೃಷ್ಟ ಕೈ ಕೊಡಬಹುದು. ನೂರು ಮ್ಯಾಚ್‌ನಲ್ಲಿ ಬದಲಾಗದೇ ಉಳಿಯೋನು ನೀವೊಬ್ಬರೇ. ಆದರೆ ನೂರು ಮ್ಯಾಚ್ ಅಂದರೆ ಫೋನ್‌ನಲ್ಲೂ ಒಂದು ದಿನದ ಮೇಲಾಯ್ತು. ಅಷ್ಟು ಹೊತ್ತು ವ್ಯರ್ಥ ಮಾಡಬೇಕಾ ಬೇಡವಾ ಅನ್ನೋದರಲ್ಲಿ ಹೀರೋ ಆಯ್ಕೆಗೂ ಪಾಲಿದೆ.

ಫೋನ್‌ಗೆ ಬರೋಣ. 2014ರಲ್ಲಿ ಐಫೋನ್ 6 ಬಿಡುಗಡೆಯ ವೇದಿಕೆಯಲ್ಲೇ ತೋರಿಸಿದ ವೇನ್‌ಗ್ಲೋರಿ ಮೊದಲಿಗೆ ಹೆಸರು ಮಾಡಿತು. ಅದು 3 ಜನರೆದುರು 3 ಜನರ ಆಟ. 2015ರಲ್ಲಿ ಚೀನಾದಲ್ಲಿ ಆನರ್ ಆಫ್ ಕಿಂಗ್ಸ್. 2016ರಲ್ಲಿ ಮೂನ್‌ಟನ್ ಕಂಪನಿಯ ಮೊಬೈಲ್ ಲೆಜೆಂಡ್ಸ್, ಆಗ್ನೇಯ ಏಷ್ಯಾವನ್ನ ಪೂರ್ತಿ ಹಿಡಿದ ಆಟ. ಕೀಬೋರ್ಡ್ ಹೋಯ್ತು, ಎರಡು ಹೆಬ್ಬೆರಳು ಉಳಿದವು. ಫೈಟ್ ಮಧ್ಯೆ ಟೈಪ್ ಮಾಡೋಕಾಗಲ್ಲ, ರೆಡಿಮೇಡ್ ಮೆಸೇಜ್ ಒತ್ತಬೇಕು. ಅಮ್ಮನ ಕಾಲ್ ಬಂದರೆ ಹೀರೋ ನಿಂತಲ್ಲೇ ನಿಂತು ಸಾಯ್ತಾನೆ. ಅಪರಿಚಿತರ ಜೊತೆ ಮಾತು ಮೊದಲೇ ಕಡಿಮೆ, ಇಲ್ಲಿ ಇನ್ನೂ ಕಡಿಮೆಯಾಯ್ತು.

ಇದರಿಂದ ಒಂದೇ ಹೀರೋಗೆ ಎರಡು ಬೆಲೆ ಬಂತು. ಜಾನ್ಸನ್ ಅಂತ ಒಬ್ಬ, ಕಾರ್ ಆಗಿ ಬದಲಾಗಿ ಟೀಮ್‌ಮೇಟ್‌ನ ಕೂರಿಸಿಕೊಂಡು ಶತ್ರುಗೆ ಹೋಗಿ ಗುದ್ದುತ್ತಾನೆ. ಗೆಳೆಯರ ಜೊತೆ ಆಡಿದರೆ ಎದುರಿನವರಿಗೆ ನಡುಕ. ಸೋಲೋದಲ್ಲಿ? ಯಾರೂ ಹತ್ತಲ್ಲ, ಖಾಲಿ ಕಾರ್ ಹೋಗಿ ಗುದ್ದಿ ಒಬ್ಬನೇ ಏಟು ತಿಂತಾನೆ. ಶುರುವಿನಲ್ಲೇ ಎಲ್ಲರ ಕೈಗೆ ಸಿಗುತ್ತಿದ್ದ ಲೇಲಾ ದೂರದಿಂದ ಹೊಡೆಯೋದರಲ್ಲಿ ಗಟ್ಟಿಗಿತ್ತಿ, ಆದರೆ ತಪ್ಪಿಸಿಕೊಳ್ಳೋಕೆ ಜಿಗಿತ ಇಲ್ಲ. ಅವಳ ಮುಂದೆ ಯಾರಾದರೂ ನಿಲ್ಲಬೇಕು. ಸೇಬರ್ ಹಾಗಲ್ಲ. ಗುಂಪು ಬಿಟ್ಟು ಓಡಾಡೋ ಒಬ್ಬನನ್ನ ಹಿಡಿದು ಮುಗಿಸೋದಷ್ಟೇ ಅವನ ಕೆಲಸ. ಕೆಳಗಿನ ರ‍್ಯಾಂಕ್‌ಗಳಲ್ಲಿ ಎಲ್ಲರೂ ಗುಂಪು ಬಿಟ್ಟೇ ಓಡಾಡೋದು! ಇನ್ನು ಫ್ಯಾನಿ. ಹಗ್ಗ ಎಸೆದು ಗೋಡೆಯಿಂದ ಗೋಡೆಗೆ ಹಾರೋಳು. ಕೈ ಪಳಗಿದವನಿಗೆ ಸಿಕ್ಕರೆ ಒಬ್ಬಳೇ ಮ್ಯಾಚ್ ಮುಗಿಸ್ತಾಳೆ. ವಿಡಿಯೋ ನೋಡಿ ಮೊದಲ ದಿನವೇ ರ‍್ಯಾಂಕ್‌ನಲ್ಲಿ ತಗೊಂಡವನ ಕೈಲಿ ಗೋಡೆಗೆ ತಲೆ ಚಚ್ಚಿಕೊಳ್ತಾಳೆ. ಅವಳು ಪಕ್ಕದವರ ಹತ್ತಿರ ಏನೂ ಕೇಳಲ್ಲ ನಿಜ, ಆದರೆ ನಿಮ್ಮ ಹತ್ತಿರ ತಿಂಗಳುಗಟ್ಟಲೆ ಕೇಳ್ತಾಳೆ.

ಹಾಗಂತ ಸೋಲೋ ಆಡೋರೆಲ್ಲ ಬರೀ ಹೊಡೆಯೋ ಹೀರೋನೇ ತಗೋಬೇಕು ಅಂದುಕೋಬೇಡಿ. ನನ್ನ ಮೆಚ್ಚಿನ ಉದಾಹರಣೆ ನಮಗೆಲ್ಲ ಗೊತ್ತಿರೋ ಹೆಸರು: ಘಟೋತ್ಕಚ. ಇಂಡೊನೇಷ್ಯಾದ ವಯಾಂಗ್ ಬೊಂಬೆಯಾಟದಲ್ಲಿ ಅವನು ಆಕಾಶದಲ್ಲಿ ಹಾರೋ ವೀರ. 1995ರಲ್ಲಿ ಹಾರಿದ ಆ ದೇಶದ ಸ್ವಂತ ವಿಮಾನ ಎನ್-250ರ ಮೊದಲ ಮಾದರಿಗೂ ಇವನದೇ ಹೆಸರು. ಮೊಬೈಲ್ ಲೆಜೆಂಡ್ಸ್‌ನಲ್ಲಿ ಅವನು ಟ್ಯಾಂಕ್. ಮೇಲೆ ಹಾರಿ ಶತ್ರುಗಳ ನಡುವೆ ಧೊಪ್ಪನೆ ಬೀಳ್ತಾನೆ, ಸುತ್ತಲಿದ್ದವರು ತನ್ನನ್ನೇ ಹೊಡೆಯುವ ಹಾಗೆ ಕೆಣಕುತ್ತಾನೆ. ಮಹಾಭಾರತದಲ್ಲೂ ಅಷ್ಟೇ ಅಲ್ವಾ? ಅರ್ಜುನನಿಗೆ ಅಂತ ಕರ್ಣ ಎತ್ತಿಟ್ಟಿದ್ದ ಶಕ್ತ್ಯಾಯುಧವನ್ನ ತನ್ನ ಮೇಲೆ ಖರ್ಚು ಮಾಡಿಸಿ, ಸಾಯುವಾಗಲೂ ಕೌರವ ಸೇನೆಯ ಮೇಲೇ ಬಿದ್ದ. ಗೇಮ್ ಭಾಷೆಯಲ್ಲಿ ಹೇಳಬೇಕಂದ್ರೆ, ಎದುರಿನವನ ಅಲ್ಟಿಮೇಟ್‌ ತಿಂದು ಕ್ಯಾರಿಯನ್ನ ಉಳಿಸಿದ. ಸೋಲೋದಲ್ಲಿ ಇಂಥ ಟ್ಯಾಂಕ್ ಯಾಕೆ ನಡೆಯುತ್ತೆ ಅಂದರೆ, ಅವನು ಏನು ಮಾಡಿದ ಅಂತ ಅಪರಿಚಿತನಿಗೆ ವಿವರಿಸಬೇಕಾಗಿಲ್ಲ. ಎದುರು ಮೂರು ಜನ ಒಂದೇ ಜಾಗದಲ್ಲಿ ಸಿಕ್ಕಿಬಿದ್ದಿರೋದು ಎಂಥವನಿಗೂ ಕಾಣುತ್ತೆ, ಬಂದು ಹೊಡೀತಾನೆ.

ಇದಕ್ಕೆ ಪೂರ್ತಿ ಉಲ್ಟಾ ದಾರಿ ಹಿಡಿದವರು ಫಿಲಿಪ್ಪೀನ್ಸ್‌ನ ಬ್ಲ್ಯಾಕ್‌ಲಿಸ್ಟ್ ಇಂಟರ್‌ನ್ಯಾಷನಲ್. ಎಸ್ಟೆಸ್ ಥರದ ವಾಸಿ ಮಾಡೋ ಹೀರೋಗಳ ಸುತ್ತ ಐವರೂ ಅಂಟಿಕೊಂಡು ಓಡಾಡೋದು ಅವರ ತಂತ್ರ. ಅಲ್ಟಿಮೇಟ್ ಬಾಂಡಿಂಗ್ ಎಕ್ಸ್‌ಪೀರಿಯೆನ್ಸ್ ಅಂತ ಅದಕ್ಕೆ ಹೆಸರಿಟ್ಟಿದ್ದರು. 2021ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಕೂಡ ಆದರು. ಅದನ್ನ ನೋಡಿ ಸೋಲೋದಲ್ಲಿ ಎಸ್ಟೆಸ್ ತಗೊಂಡರೆ ಏನಾಗುತ್ತೆ? ನಾಲ್ಕು ಜನ ನಾಲ್ಕು ದಿಕ್ಕಿಗೆ ಹೋಗ್ತಾರೆ, ಡಾಕ್ಟರ್ ಯಾರ ಹಿಂದೆ ಓಡೋದು? ಪ್ರೊ ಟೀಮ್‌ನ ಪಟ್ಟಿ ಮತ್ತು ಸೋಲೋ ಪಟ್ಟಿ ಬೇರೆ ಬೇರೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆ ಫೈನಲ್ ನಡೆಯುವ ಹೊತ್ತಿಗೆ ನಾವು ಭಾರತದಲ್ಲಿ ಕೂತು ಯೂಟ್ಯೂಬ್‌ನಲ್ಲಿ ನೋಡಬೇಕಾಗಿತ್ತು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳ ಪಟ್ಟಿಯಲ್ಲಿ ಟಿಕ್‌ಟಾಕ್ ಜೊತೆ ಮೊಬೈಲ್ ಲೆಜೆಂಡ್ಸ್ ಕೂಡ ಇತ್ತು. ಎಪಿಕ್ ದಾಟೋಕೆ ರಾತ್ರಿ ನಿದ್ದೆ ಬಿಟ್ಟವರ ಸ್ಟಾರ್‌ಗಳು, ಸ್ಕಿನ್‌ಗಳು ಅಲ್ಲಿಗೆ ನಿಂತವು. ಯಾವ ಹೀರೋ ಯಾರ ಮುಂದೆ ನಡೆಯಲ್ಲ ಅನ್ನೋ ಅಂದಾಜು ಮಾತ್ರ ತಲೆಯಲ್ಲಿ ಉಳೀತು.

ಅದು ಮತ್ತೆ ಕೆಲಸಕ್ಕೆ ಬಂದಿದ್ದು 2021ರ ಸೆಪ್ಟೆಂಬರ್‌ನಲ್ಲಿ, ಪೋಕೆಮಾನ್ ಯುನೈಟ್ ಫೋನ್‌ಗೆ ಬಂದಾಗ. 10 ನಿಮಿಷದ ಮ್ಯಾಚ್, ಕೊನೆಯ 2 ನಿಮಿಷ ಪಾಯಿಂಟ್ ಡಬಲ್. ಆಗಲೇ ನಡುವೆ ಝ್ಯಾಪ್ಡೋಸ್ ಹಕ್ಕಿ ಬಂದು ಕೂರುತ್ತಿತ್ತು. 8 ನಿಮಿಷ ಚೆನ್ನಾಗಿ ಆಡಿದ ಟೀಮ್ ಅದರ ರಕ್ತ ಇಳಿಸ್ತಿತ್ತು, ಪೊದೆಯಲ್ಲಿ ಕೂತವನು ಬಂದು ಕೊನೇ ಏಟು ಹೊಡೆದು ಗೆಲುವನ್ನೇ ಎತ್ತಿಕೊಂಡು ಹೋಗ್ತಿದ್ದ. ಸೋಲೋ ಆಡೋರು ಅದನ್ನ ಬೇಗ ಕಲಿತರು: ಒಂದೇ ಕ್ಷಣದಲ್ಲಿ ಜೋರಾಗಿ ಹೊಡೆಯೋ ಪೋಕೆಮಾನ್ ತಗೋ, ಆ ಏಟನ್ನ ಬೇರೆಲ್ಲೂ ಖರ್ಚು ಮಾಡಬೇಡ, ಕಾಯಿ. ಕರ್ಣ ಮಾಡಬೇಕು ಅಂದುಕೊಂಡಿದ್ದೂ ಅದೇ. ಆಮೇಲೆ ಮ್ಯಾಪ್ ಬದಲಾಯ್ತು, ಝ್ಯಾಪ್ಡೋಸ್ ಜಾಗಕ್ಕೆ ರೇಕ್ವೇಜಾ ಬಂತು, ಹೊಸ ಟಿಯರ್ ಪಟ್ಟಿಗಳ ವಿಡಿಯೋಗಳೂ ಬಂದವು.