ಕೆಂಪು ತಂತಿ, ಹಳದಿ ತಂತಿ

1998ರ ಒಂದು ಭಾನುವಾರ ಅತ್ತೆಯವರನ್ನೂ ಮಗಳನ್ನೂ ಹಿಂದೆ ಕೂರಿಸಿಕೊಂಡು ಮೈಸೂರಿನಿಂದ ನಂಜನಗೂಡಿಗೆ ಹೊರಟಿದ್ದೆ. ನಮ್ಮವರಿಗೆ ಆಗ ರಾಯಚೂರಿಗೆ ವರ್ಗವಾಗಿತ್ತು. ಸೆಕೆಂಡ್ ಹ್ಯಾಂಡ್ ಮಾರುತಿ 800 ನನ್ನ ಪಾಲಿಗೆ ಬಂದಿತ್ತು. ಆ ಕಾರಿನಲ್ಲಿ ರೇಡಿಯೋ ಇರಬೇಕಾದ ಜಾಗಕ್ಕೆ ಒಂದು ಪ್ಲಾಸ್ಟಿಕ್ ಮುಚ್ಚಳವಿತ್ತಷ್ಟೆ. ಅತ್ತೆಯವರಿಗೆ ಕಣ್ಣು ಮಂಜಾಗಿದ್ದರಿಂದ ಅವರಿಗಾಗಿಯೇ ಒಂದು ವಾರದ ಹಿಂದೆ ಅಂಗಡಿಯೊಂದರಲ್ಲಿ ಸ್ಟೀರಿಯೋ ಹಾಕಿಸಿದ್ದೆ. ಕಡಕೊಳ ದಾಟುವಷ್ಟರಲ್ಲಿ ಹಾಡು ನಿಂತಿತು. ಆಮೇಲೆ ವಾಸನೆ ಬಂತು. ರಬ್ಬರು ಸುಟ್ಟ ವಾಸನೆ. ಡ್ಯಾಶ್‌ಬೋರ್ಡಿನ ಕೆಳಗಿಂದ ಊದುಬತ್ತಿಯ ಎಳೆಯಂತೆ ಹೊಗೆ ಏಳತೊಡಗಿತು.

ಗಾಡಿ ನಿಲ್ಲಿಸಿ ಅತ್ತೆಯವರನ್ನು ಇಳಿಸಿದ್ದು ಹೇಗೋ ಇವತ್ತಿಗೂ ನೆನಪಿಲ್ಲ. ಹಿಂದೆ ಬರುತ್ತಿದ್ದ ಲಾರಿಯವರು ಇಳಿದು ಓಡಿಬಂದು, ಬಾನೆಟ್ ಎತ್ತಿ, ಇಕ್ಕಳದಿಂದ ಬ್ಯಾಟರಿಯ ಒಂದು ತಂತಿಯನ್ನು ಕಿತ್ತುಹಾಕಿದರು. ಹೊಗೆ ನಿಂತಿತು. "ಫ್ಯೂಸೇ ಹಾಕಿಲ್ಲ ಕಣಮ್ಮ, ಯಾವನು ಹಾಕಿದ್ದು ಇದನ್ನ?" ಎಂದು ಆತ ತೋರಿಸಿದರು. ಬ್ಯಾಟರಿಯಿಂದ ನೇರವಾಗಿ ಎಳೆದ ತಂತಿಯನ್ನು ತಗಡಿನ ತೂತಿನಲ್ಲಿ ಹಾಗೆಯೇ ತೂರಿಸಿದ್ದರು. ಕಾರು ಅಲುಗಿದಂತೆಲ್ಲ ತಗಡಿನ ಅಂಚಿಗೆ ಉಜ್ಜಿ ತಂತಿಯ ಹೊದಿಕೆ ಸವೆದು, ಒಳಗಿನ ತಾಮ್ರ ಕಾರಿನ ಮೈಗೆ ತಾಗಿತ್ತು.

ಮರುದಿನ ಅಂಗಡಿಗೆ ಹೋದೆ. ಅಲ್ಲಿದ್ದವನು ನನ್ನ ಮಾತು ಪೂರ್ತಿ ಕೇಳಲಿಲ್ಲ. "ಮನೇಲಿ ಗಂಡಸರು ಯಾರಾದ್ರೂ ಇದ್ರೆ ಕಳಿಸಿ ಮೇಡಂ, ಅವರಿಗೆ ಹೇಳ್ತೀನಿ" ಎಂದ. ಸುಟ್ಟ ತಂತಿಗಿಂತ ಆ ಮಾತೇ ನನ್ನನ್ನು ಹೆಚ್ಚು ಸುಟ್ಟಿತು.

ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದವಳು. ಯಾವುದನ್ನು ಕಂಡರೂ ಅದರ ಹುಟ್ಟು ಹುಡುಕುವುದು ನನ್ನ ಚಟ. ಈ ಕಾರ್ ರೇಡಿಯೋದ ಹುಟ್ಟನ್ನು ಹುಡುಕಿದಾಗ ನನಗೆ ಮೊದಲು ಸಿಕ್ಕಿದ್ದೂ ಬೆಂಕಿಯೇ! ಅಮೆರಿಕದ ಶಿಕಾಗೋದಲ್ಲಿ ಪಾಲ್ ಗ್ಯಾಲ್ವಿನ್ ಮತ್ತು ಜೋಸೆಫ್ ಗ್ಯಾಲ್ವಿನ್ ಎಂಬ ಅಣ್ಣತಮ್ಮಂದಿರು 1928ರಲ್ಲಿ ಒಂದು ಸಣ್ಣ ಕಾರ್ಖಾನೆ ತೆರೆದಿದ್ದರು. ಮರುವರ್ಷ ಷೇರುಪೇಟೆ ಕುಸಿದು ಎಲ್ಲರ ವ್ಯಾಪಾರವೂ ನೆಲ ಕಚ್ಚಿತು. ಕಾರಿನಲ್ಲಿ ಕೂರಿಸುವ ರೇಡಿಯೋ ಮಾಡಿದರೆ ಬದುಕಿಕೊಂಡೇವು ಎಂದು ಪಾಲ್ ಯೋಚಿಸಿದರು. ಸಾಲ ಕೇಳಲು ಹೋದಾಗ ಬ್ಯಾಂಕಿನ ಸಾಹೇಬರ ಪ್ಯಾಕಾರ್ಡ್ ಕಾರಿಗೇ ಒಂದು ರೇಡಿಯೋ ಹಾಕಿಕೊಟ್ಟರಂತೆ. ಅರ್ಧ ಗಂಟೆಯಲ್ಲಿ ಕಾರಿಗೆ ಬೆಂಕಿ ಹತ್ತಿತಂತೆ. ಸಾಲ ಸಿಗಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಈ ಕಥೆಯನ್ನು ಓದಿದ ಮೇಲೆ ನನ್ನ ಮನಸ್ಸು ಸ್ವಲ್ಪ ಹಗುರವಾಯಿತು.

ಆದರೂ ಅವರು ಬಿಡಲಿಲ್ಲ. 1930ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ರೇಡಿಯೋ ತಯಾರಕರ ಸಮ್ಮೇಳನ ನಡೆದಾಗ, ಮಳಿಗೆ ಹಿಡಿಯಲು ಹಣವಿಲ್ಲದೆ, ಕಾರನ್ನು ಹೊರಗೆ ನಿಲ್ಲಿಸಿ ರೇಡಿಯೋವನ್ನು ಗಟ್ಟಿಯಾಗಿ ಹಾಡಿಸಿ ಜನರನ್ನು ಕರೆದರು. ಮೋಟಾರಿನ ಹೆಸರಿಗೆ, ಆಗ ಮನೆಮಾತಾಗಿದ್ದ ವಿಕ್ಟ್ರೋಲಾ ಗ್ರಾಮಫೋನಿನ ಬಾಲ ಸೇರಿಸಿ 'ಮೋಟೊರೋಲಾ' ಎಂದು ತಮ್ಮ ರೇಡಿಯೋಕ್ಕೆ ಹೆಸರಿಟ್ಟರು. 1947ರಲ್ಲಿ ಕಂಪನಿಯ ಹೆಸರೇ ಅದಾಯಿತು. ನಮ್ಮ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ 'ಆಕಾಶವಾಣಿ' ಎಂಬ ಹೆಸರಿನಲ್ಲಿ ಪ್ರಸಾರ ಶುರುಮಾಡಿದ್ದು ಇದಾದ ಐದೇ ವರ್ಷಕ್ಕೆ, 1935ರಲ್ಲಿ.

ಆ ಕಾಲದಲ್ಲಿ ಕಾರಿಗೆ ರೇಡಿಯೋ ಹಾಕುವುದೆಂದರೆ ಸಣ್ಣ ಕೆಲಸವಲ್ಲ. ಡ್ಯಾಶ್‌ಬೋರ್ಡು ಬಿಚ್ಚಬೇಕು, ಚಾವಣಿಯ ಬಟ್ಟೆ ಹರಿದು ಏರಿಯಲ್ ತಂತಿ ಹಾಸಬೇಕು, ಕಾಲಡಿಯ ಹಲಗೆ ಕೊರೆದು ಬ್ಯಾಟರಿ ಇಡಬೇಕು. ರೇಡಿಯೋದ ವಾಲ್ವುಗಳಿಗೆ ನೂರಕ್ಕೂ ಮೀರಿದ ವೋಲ್ಟ್ ಬೇಕು, ಕಾರಿನ ಬ್ಯಾಟರಿಯೋ ಬರೀ 6 ವೋಲ್ಟಿನದು. ಅದಕ್ಕೇ ಬೇರೆ ಬ್ಯಾಟರಿಗಳು. ಇದೆಲ್ಲ ಆದಮೇಲೆ ಎಂಜಿನ್ ಶುರುಮಾಡಿದರೆ ಹಾಡಿನ ಬದಲು ಕರಕರ ಸದ್ದು! ಸ್ಪಾರ್ಕ್ ಪ್ಲಗ್ಗಿನ ಪ್ರತಿಯೊಂದು ಕಿಡಿಯೂ ಒಂದು ಪುಟ್ಟ ರೇಡಿಯೋ ಕೇಂದ್ರವಿದ್ದಂತೆ, ಅದರ ಅಲೆಯನ್ನೂ ಈ ಪೆಟ್ಟಿಗೆ ಹಿಡಿದುಬಿಡುತ್ತದೆ. ಪ್ಲಗ್ಗುಗಳ ತಂತಿಗೆ ತಡೆ ಕೂರಿಸಿ ಆ ಸದ್ದನ್ನು ಅಡಗಿಸುವುದನ್ನು ಕಲಿತ ಮೇಲೆಯೇ ಕಾರಿನಲ್ಲಿ ಹಾಡು ಕೇಳುವಂತಾದದ್ದು.

ಈ ಇತಿಹಾಸದಲ್ಲಿ ಹೆಸರುಗಳೆಲ್ಲ ಗಂಡಸರವೇ. ಆದರೆ ಅಮೆರಿಕದ ರೇಡಿಯೋ ಕಾರ್ಖಾನೆಗಳಲ್ಲಿ ಸಾಲಾಗಿ ಕುಳಿತು ತಂತಿ ಸುತ್ತಿ ಬೆಸುಗೆ ಹಾಕುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. ಬೆರಳು ಸಣ್ಣ, ತಾಳ್ಮೆ ಜಾಸ್ತಿ, ಸಂಬಳ ಕಡಿಮೆ ಎಂಬ ಲೆಕ್ಕಾಚಾರ. ಇದನ್ನು ಓದುವಾಗ ನನಗೆ ಜಾಲಹಳ್ಳಿಯ ಚಿಕ್ಕಮ್ಮ ನೆನಪಾದರು.

ಬೆಂಗಳೂರಿನ ಬಿ.ಇ.ಎಲ್. ಕಾರ್ಖಾನೆ ಶುರುವಾದದ್ದು 1954ರಲ್ಲಿ. 1960ರ ದಶಕದ ಮೊದಲಲ್ಲಿ ಅಲ್ಲಿ ರೇಡಿಯೋ ವಾಲ್ವುಗಳನ್ನೂ ಟ್ರಾನ್ಸಿಸ್ಟರುಗಳನ್ನೂ ಮಾಡತೊಡಗಿದರು. ಚಿಕ್ಕಮ್ಮ ಎಸ್ಸೆಸ್ಸೆಲ್ಸಿ ಮುಗಿಸಿ ಅಲ್ಲಿಗೆ ಸೇರಿದವರು. ಕೂದಲಿಗಿಂತ ತೆಳುವಾದ ತಂತಿಯನ್ನು ಚಿಮಟದಲ್ಲಿ ಹಿಡಿದು ಕೂರಿಸುವ ಕೆಲಸ. ಮೂವತ್ತು ವರ್ಷ ಅದನ್ನು ಮಾಡಿ ರಿಟೈರ್ ಆಗಿದ್ದರು. ಆದರೆ ಅವರ ಮನೆಯಲ್ಲಿ ಫ್ಯೂಸ್ ಹೋದರೆ? ಚಿಕ್ಕಪ್ಪ ಪಕ್ಕದ ಮನೆಯ ಹುಡುಗನನ್ನು ಕೂಗುತ್ತಿದ್ದರು. ಅವನು ಬರುವವರೆಗೆ ಚಿಕ್ಕಮ್ಮ ಮೇಣದಬತ್ತಿ ಹಿಡಿದು ನಿಂತಿರುತ್ತಿದ್ದರು. ಚಿಕ್ಕಂದಿನಲ್ಲಿ ನಾನೇ ಕಂಡಿದ್ದೆ. ಆಗ ನನಗೆ ಅದರಲ್ಲಿ ಏನೂ ವಿಚಿತ್ರ ಕಂಡಿರಲಿಲ್ಲ.

ಫೋನು ಮಾಡಿ ವಿಷಯ ಹೇಳಿದೆ. "ಯಾರ ಹತ್ರಾನೂ ಕೊಡಬೇಡ ಕಣೇ, ನಾನು ಬರ್ತೀನಿ" ಎಂದರು. ಬರುವ ಮೊದಲು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಸಾಮಾನು ಕೊಂಡರಂತೆ. ರೈಲಿಳಿದಾಗ ಅವರ ಬ್ಯಾಗಿನಲ್ಲಿ ಚಕ್ಕುಲಿ ಡಬ್ಬದ ಪಕ್ಕದಲ್ಲೇ ಸೋಲ್ಡರಿಂಗ್ ಐರನ್ನು, ರಾಳವಿರುವ ಬೆಸುಗೆ ತಂತಿ, 10 ಆಂಪಿಯರಿನ ಫ್ಯೂಸು, ರಬ್ಬರಿನ ಬಳೆಗಳು.

ಕಾರಿನ ವಿದ್ಯುತ್ತು ಅವರಿಗೂ ಹೊಸದು. ಆದರೆ ತಂತಿ ತಂತಿಯೇ ತಾನೆ ಎಂದರು. 12 ವೋಲ್ಟಿನ ಬಲ್ಬಿಗೆ ಎರಡು ತಂತಿ ಕಟ್ಟಿ ಪರೀಕ್ಷೆಯ ದೀಪ ಮಾಡಿಕೊಂಡರು. ಒಂದು ತುದಿ ಕಾರಿನ ಮೈಗೆ, ಇನ್ನೊಂದು ಒಂದೊಂದೇ ತಂತಿಗೆ. ಕೀಲಿ ತಿರುಗಿಸದೆಯೂ ಬಲ್ಬು ಹತ್ತಿದರೆ ಅಲ್ಲಿ ಸದಾ ಕರೆಂಟು ಇದೆ. ಕೀಲಿ ತಿರುಗಿಸಿದಾಗ ಮಾತ್ರ ಹತ್ತಿದರೆ ಅದು ಇನ್ನೊಂದು. ಸ್ಟೀರಿಯೋದ ಹಿಂಬದಿಯ ಬಣ್ಣಗಳಿಗೆ ಇಲ್ಲೇ ಅರ್ಥ ಬರುವುದು. ಹಳದಿ ತಂತಿ ಸದಾ ಕರೆಂಟಿಗೆ, ನೀವು ಆರಿಸಿಟ್ಟ ಸ್ಟೇಷನ್ನುಗಳನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಕೆಂಪು ತಂತಿ ಕೀಲಿಯದಕ್ಕೆ. ಕಪ್ಪು ಕಾರಿನ ಮೈಗೆ. ಅಂಗಡಿಯವನು ಕೆಂಪು ಹಳದಿ ಎರಡನ್ನೂ ಹೊಸೆದು ಒಂದೇ ಕಡೆ ಕಟ್ಟಿದ್ದ. ವಾರದಲ್ಲಿ ಎರಡು ಸಲ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದೆ ನಾನು ಆಟೋದಲ್ಲಿ ಕಾಲೇಜಿಗೆ ಓಡಿದ್ದು ಯಾಕೆಂದು ಆಗ ತಿಳಿಯಿತು. ಸ್ಟೀರಿಯೋ ರಾತ್ರಿಯಿಡೀ ಬ್ಯಾಟರಿ ಕುಡಿಯುತ್ತಿತ್ತು.

ಗುರುತು ಹಾಕಿಕೊಂಡ ಮೇಲೆ ಮೊದಲ ಕೆಲಸ, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿಟ್ಟದ್ದು. ಆಮೇಲೆ ಸುಟ್ಟ ತಂತಿ ಎಳೆದು ಬಿಸಾಡಿದೆವು. ಹೊಸ ತಂತಿಗೆ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಫ್ಯೂಸು. "ಫ್ಯೂಸ್ ಕಾಯೋದು ರೇಡಿಯೋನಲ್ಲ, ತಂತೀನ. ಅದಕ್ಕೇ ಬ್ಯಾಟರಿ ಹತ್ರಾನೇ ಇರಬೇಕು" ಎಂದರು ಚಿಕ್ಕಮ್ಮ. ತಗಡಿನ ತೂತಿಗೆ ರಬ್ಬರಿನ ಬಳೆ ಕೂರಿಸಿ ತಂತಿ ತೂರಿಸಿದೆವು. ಕಪ್ಪು ತಂತಿ ಕಟ್ಟುವಲ್ಲಿ ಬಣ್ಣ ಕೆರೆದು ಬರಿಯ ಲೋಹ ಕಾಣುವಂತೆ ಮಾಡಿದೆವು. ಬೆಸುಗೆಗೆ ಐರನ್ನು ನನ್ನ ಕೈಗೇ ಕೊಟ್ಟರು. ಮೊದಲನೆಯದು ಗೋಲಿಯಂತೆ ಉಂಡೆ ಕಟ್ಟಿತು. "ಸೀಸಕ್ಕೆ ಬಿಸಿ ಕೊಡಬೇಡ, ತಂತಿಗೆ ಕೊಡು, ಸೀಸ ತಾನಾಗಿ ಕುಡಿಯುತ್ತೆ." ಮೂರನೆಯದು ಹೊಳೆಯಿತು. ಪೆಟ್ಟಿಗೆ ಮಾತ್ರ ತೊಂದರೆ ಕೊಡಲಿಲ್ಲ. 180 ಮಿಲಿಮೀಟರ್ ಅಗಲ, 50 ಎತ್ತರ ಎಂದು ಜರ್ಮನಿಯವರು ಗೊತ್ತುಮಾಡಿದ ಅಳತೆಯನ್ನೇ ಜಗತ್ತೆಲ್ಲ ಒಪ್ಪಿಕೊಂಡಿರುವುದರಿಂದ ಪ್ಲಾಸ್ಟಿಕ್ ಮುಚ್ಚಳದ ಜಾಗದಲ್ಲಿ ಸಲೀಸಾಗಿ ಕೂತಿತು.

ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸಿದಾಗ ನನ್ನ ಕೈ ನಡುಗುತ್ತಿತ್ತು. ಮೂಗು ವಾಸನೆ ಹುಡುಕುತ್ತಿತ್ತು. ದೀಪ ಹತ್ತಿತು, ಹಾಡು ಬಂತು. ಆದರೆ ತಬಲಾದ ದಗ್ಗ ಕೇಳಲೊಲ್ಲದು, ಬರೀ ಮೇಲಿನ ಸದ್ದು. ಚಿಕ್ಕಮ್ಮ ತಲೆ ಓರೆ ಮಾಡಿ ಕೇಳಿ, ಒಂದು ಸ್ಪೀಕರಿನ ತಂತಿ ತಿರುಗುಮುರುಗಾಗಿದೆ ಎಂದರು. ಒಂದರ ಕಾಗದ ಮುಂದೆ ಬರುವಾಗ ಇನ್ನೊಂದರದು ಹಿಂದೆ ಹೋದರೆ ಕೆಳಗಿನ ಸ್ವರಗಳು ಒಂದನ್ನೊಂದು ತಿಂದುಹಾಕುತ್ತವಂತೆ. ಪೆನ್‌ಟಾರ್ಚಿನ ಸೆಲ್ಲನ್ನು ಸ್ಪೀಕರಿಗೆ ಒಂದು ಕ್ಷಣ ಮುಟ್ಟಿಸಿ ಕಾಗದ ಎತ್ತ ಸರಿಯುತ್ತದೆಂದು ನೋಡಿ, ತಪ್ಪಿದ್ದನ್ನು ಬದಲಾಯಿಸಿದೆವು. ದಗ್ಗ ಬಂತು. ಹಿಂದಿನ ಸೀಟಿನಲ್ಲಿ ಕೂತಿದ್ದ ಅತ್ತೆಯವರು, "ಹಾಡು ಸಾಕು, ಆಕಾಶವಾಣಿ ಹಾಕು, ವಾರ್ತೆ ಹೊತ್ತಾಯ್ತು" ಎಂದರು.

ಅಂಗಡಿಗೆ ಮತ್ತೆ ಹೋಗಲಿಲ್ಲ. ಹೋಗಿ ತೋರಿಸಬೇಕೆಂದು ಒಂದೆರಡು ದಿನ ಅನಿಸಿದ್ದು ನಿಜ. ಎಂಟು ವರ್ಷ ಆ ತಂತಿಗಳು ತಂಟೆ ಮಾಡಲಿಲ್ಲ. 2006ರಲ್ಲಿ ಕಾರು ಮಾರಿದಾಗ ಅವೂ ಅದರೊಂದಿಗೇ ಹೋದವು. ಮಾರುತಿ 800 ತಯಾರಾಗುವುದೇ 2014ರಲ್ಲಿ ನಿಂತಿತು.

ಚಿಕ್ಕಮ್ಮ ಊರಿಗೆ ಹೋದ ಮುಂದಿನ ತಿಂಗಳು ಒಂದು ಇನ್‌ಲ್ಯಾಂಡ್ ಪತ್ರ ಬಂತು. ಚಕ್ಕುಲಿ ಡಬ್ಬ ನಮ್ಮಲ್ಲೇ ಉಳಿದದ್ದು, ಚಿಕ್ಕಪ್ಪನ ಮಂಡಿನೋವು, ಎಲ್ಲ ಬರೆದು ಕೊನೆಗೆ ಮಡಚುವ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಸೇರಿಸಿದ್ದರು: "ಮೊನ್ನೆ ರಾತ್ರಿ ಫ್ಯೂಸ್ ಹೋಗಿತ್ತು. ನಾನೇ ಹಾಕಿದೆ. ನಿಮ್ಮ ಚಿಕ್ಕಪ್ಪ ಮೇಣದಬತ್ತಿ ಹಿಡಿದಿದ್ದರು."